ಅದು ಫಾಂಟ್ ಸಮಸ್ಯೆ ಅಲ್ಲ ಸ್ವಾಮಿ

ಫೋನ್ ಯಾವಾಗಲೂ ಹೀಗೇ ಶುರುವಾಗುತ್ತದೆ. "ಸಾರ್, ಕನ್ನಡ ಎಲ್ಲ ಪ್ರಶ್ನೆ ಚಿಹ್ನೆ ಆಗ್ಬಿಟ್ಟಿದೆ. ಯಾವ ಫಾಂಟ್ ಹಾಕ್ಬೇಕು ಹೇಳ್ರಿ."

ಕಳೆದ ಸಲ ಫೋನ್ ಮಾಡಿದವರು ದಾವಣಗೆರೆಯ ಒಬ್ಬ ಮೆಕ್ಕೆಜೋಳದ ದಲಾಲರು. ನಾನು ಹೋಗುವಷ್ಟರಲ್ಲಿ ಕನ್ನಡ ಟೈಪಿಂಗ್ ತಂತ್ರಾಂಶಗಳಾದ 'ನುಡಿ' ಹಾಕಿಸಿದ್ದರು, 'ಬರಹ' ಹಾಕಿಸಿದ್ದರು, ವಿಂಡೋಸ್ ಹೊಸದಾಗಿ ಹಾಕಿಸಿದ್ದರು. ಹೊಸ ಪ್ರಿಂಟರ್ ಕೂಡ ಬಂದಿತ್ತು. ರೈತರಿಗೆ ಕೊಡುವ ಪಟ್ಟಿಯಲ್ಲಿ ತೂಕ ಸರಿ, ದರ ಸರಿ, ಹಮಾಲಿ ಸರಿ. ಹೆಸರಿನ ಜಾಗದಲ್ಲಿ ಮಾತ್ರ ಸಾಲಾಗಿ ಆರು ಪ್ರಶ್ನೆ ಚಿಹ್ನೆ.

ಫಾಂಟ್ ಇಲ್ಲದಿದ್ದರೆ ಕಾಣುವುದು ಖಾಲಿ ಚೌಕ. ಚೌಕ ಕಂಡರೆ ಹೆದರಬೇಡಿ, ಅಕ್ಷರ ಒಳಗೆ ಹಾಗೇ ಇದೆ, ತೋರಿಸೋಕೆ ಬರ್ತಿಲ್ಲ ಅಷ್ಟೇ. ಪ್ರಶ್ನೆ ಚಿಹ್ನೆ ಕಂಡರೆ ಮಾತ್ರ ಸಾಮಾನ್ಯವಾಗಿ ಕಥೆ ಬೇರೆ. ಹೆಸರು, ಲೆಕ್ಕ ಎಲ್ಲ ಕೂಡಿಡುವ ಡೇಟಾಬೇಸ್ ಒಳಗೇ ನಿಮ್ಮ ಅಕ್ಷರವನ್ನು ಕಿತ್ತು, ಆ ಜಾಗದಲ್ಲಿ ನಿಜವಾದ ಪ್ರಶ್ನೆ ಚಿಹ್ನೆಯನ್ನೇ ಬರೆದಿರುತ್ತದೆ. 'ಬಸವರಾಜ' ಆರು ಚಿಹ್ನೆ ಆಗುತ್ತದೆ. 'ಶಿವಣ್ಣ' ಕೂಡ ಆರು, ಯಾಕೆಂದರೆ ಗುಣಿಸು, ಒತ್ತಕ್ಷರ ಬರಿಸುವ ವಿರಾಮ (್) ಎಲ್ಲ ಬೇರೆ ಬೇರೆ ಲೆಕ್ಕ. 'ರಾಜಪ್ಪ' ಕೂಡ ಆರೇ. ಈಗ ಆರು ಚಿಹ್ನೆ ನೋಡಿ ಇದು ಯಾರು ಅಂತ ಯಾವ ಫಾಂಟ್ ಹೇಳುತ್ತದೆ?

"ಕಾಲಂ ಎನ್‌ವಾರ್‌ಚಾರ್ ಇದೆಯಲ್ಲ ಸಾರ್" ಎಂದ ಅಲ್ಲಿನ ಪ್ರೋಗ್ರಾಮರ್ ಹುಡುಗ. ಎನ್‌ವಾರ್‌ಚಾರ್ ಅಂದರೆ ಯಾವ ಭಾಷೆಯ ಅಕ್ಷರವನ್ನಾದರೂ ಹಿಡಿಯುವ ಬಗೆಯ ಕಾಲಂ. ಹೌದು, ಇತ್ತು. ಎಲ್ಲರೂ ಎಡವುವುದೇ ಇಲ್ಲಿ. ಮೈಕ್ರೋಸಾಫ್ಟಿನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಉಲ್ಲೇಖ ಚಿಹ್ನೆಯೊಳಗೆ ಕನ್ನಡ ಬರೆಯುವಾಗ ಅದರ ಮುಂದೆ ಇಂಗ್ಲಿಷಿನ ದೊಡ್ಡಕ್ಷರದ 'ಎನ್' (N) ಹಾಕಬೇಕು. ಹಾಕದಿದ್ದರೆ ಸರ್ವರ್ ಆ ಪಠ್ಯವನ್ನು ಮೊದಲು ಡೇಟಾಬೇಸಿನ ಹಳೇ ಅಕ್ಷರಪಟ್ಟಿಗೆ, ಅಂದರೆ ಕೋಡ್ ಪೇಜ್‌ಗೆ ಇಳಿಸುತ್ತದೆ. ಅಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹಾಗಾಗಿ ಕಾಲಂ ಮುಟ್ಟುವ ಮೊದಲೇ ಅದು ಪ್ರಶ್ನೆ ಚಿಹ್ನೆ ಆಗಿರುತ್ತದೆ. ಚೀಲ ಎಷ್ಟು ಗಟ್ಟಿ ಇದ್ದರೇನು, ತುಂಬುವ ಮೊದಲೇ ಕಾಳು ಚೆಲ್ಲಿದ ಮೇಲೆ? 2019ರ ಆವೃತ್ತಿಯಿಂದ ಕನ್ನಡವನ್ನೂ ಹಿಡಿಯುವ ಯುಟಿಎಫ್-8 ಕೊಲೇಶನ್ (ಅಕ್ಷರ ಬರೆದಿಡುವ ಬಗೆಯ ಆಯ್ಕೆ) ಬಂದಿದೆ, ಅದನ್ನು ಆರಿಸಿದ್ದರೆ ಮಾತು ಬೇರೆ. ನಾನು ನೋಡಿದ ಅಂಗಡಿಗಳಲ್ಲಿ ಯಾರೂ ಆರಿಸಿರಲಿಲ್ಲ. ಹೆಸರನ್ನು ಆಜ್ಞೆಯ ವಾಕ್ಯಕ್ಕೆ ಅಂಟಿಸುವ ಬದಲು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಪ್ಯಾರಾಮೀಟರ್ ಆಗಿ, ಅಂದರೆ ಬೇರೆಯಾಗಿ ಕಳಿಸಿದರೆ ಈ 'ಎನ್' ತಲೆನೋವೇ ಇಲ್ಲ.

ತಂತ್ರಾಂಶದಲ್ಲಿ ಆ ಹುಡುಗ ಬದಲಾಯಿಸಿದ್ದು ಒಂದೇ ಪರದೆಯನ್ನು, ರೈತರ ವಿವರ ತಿದ್ದುವುದನ್ನು. ಫೋನ್ ನಂಬರ್ ಬದಲಾಯಿಸಿ ಸೇವ್ ಒತ್ತಿದರೂ ಹೆಸರು ಮತ್ತೆ ಬರೆಯಲ್ಪಡುತ್ತಿತ್ತು, 'ಎನ್' ಇಲ್ಲದೆ. ಹಾಗಾಗಿ ಪದೇ ಪದೇ ಬರುವ ರೈತರ ಹೆಸರೇ ಮೊದಲು ಹೋಯಿತು. ವರ್ಷಕ್ಕೊಮ್ಮೆ ಬರುವವರದು ಚೆನ್ನಾಗಿಯೇ ಇತ್ತು. ನಿಧಾನವಾಗಿ ಹರಡಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಬ್ಯಾಕಪ್ ಇತ್ತು, ಆದರೆ ಹದಿನೈದು ದಿನದ್ದು ಮಾತ್ರ. ತಪ್ಪು ಶುರುವಾಗಿ ಮೂರು ತಿಂಗಳಾಗಿತ್ತು. ಬ್ಯಾಕಪ್ಪಿನಲ್ಲೂ ಅವೇ ಪ್ರಶ್ನೆ ಚಿಹ್ನೆ.

ನೀವೇ ಪರೀಕ್ಷಿಸಬಹುದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 'ಯೂನಿಕೋಡ್' ಅನ್ನೋ ಫಂಕ್ಷನ್ ಇದೆ, ಹೆಸರಿನ ಮೊದಲ ಅಕ್ಷರದ ಸಂಖ್ಯೆ ಕೊಡುತ್ತದೆ. 63 ಬಂದರೆ ಅದು ಪ್ರಶ್ನೆ ಚಿಹ್ನೆಯೇ, ಅಕ್ಷರ ಹೋಗಿದೆ. 3200ರಿಂದ 3327ರ ಒಳಗೆ ಬಂದರೆ ಕನ್ನಡ ಕ್ಷೇಮ, ಆಗ ಬೇಕಾದರೆ ಫಾಂಟ್ ಹುಡುಕಿ. ಹೆಸರು ಅಪ್ಪಿತಪ್ಪಿ ಇಂಗ್ಲಿಷಿನಲ್ಲಿದ್ದರೆ ಸಂಖ್ಯೆ ಬೇರೆ ಬರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಮತ್ತೆ, ಏನೇ ತಿದ್ದುವುದಿದ್ದರೂ ಮೊದಲು ನಕಲಿನ ಮೇಲೆ ಮಾಡಿ.

ತಮಾಷೆ ಅಂದರೆ ಜನ ಹೆದರುವುದು ಉಲ್ಟಾ. ನುಡಿಯ ಹಳೇ ಫಾಂಟಿನಲ್ಲಿ ಹೊಡೆದ ಹೆಸರುಗಳು ಫಾಂಟ್ ಬದಲಾದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹಾಗೆ ಕಾಣುತ್ತವೆ. ಅದು ಕಸದಂತೆ ಕಂಡರೂ ಕಸ ಅಲ್ಲ, ಪರಿವರ್ತಕ ತಂತ್ರಾಂಶದಲ್ಲಿ ಹಾಕಿದರೆ ಬಹುಪಾಲು ಯೂನಿಕೋಡ್ ಕನ್ನಡವಾಗಿ ವಾಪಸ್ ಬರುತ್ತದೆ. ಚಿತ್ರದುರ್ಗದ ಕಡೆಯ ಒಂದು ಸಂಘದಲ್ಲಿ ಇಂಥ ಸಾಲುಗಳನ್ನು "ವೈರಸ್ ಬಂದಿದೆ" ಅಂತ ಒಬ್ಬರು ಅಳಿಸಿಯೇಬಿಟ್ಟಿದ್ದರು. ಪ್ರಶ್ನೆ ಚಿಹ್ನೆಯನ್ನು ಜೋಪಾನ ಮಾಡ್ತಾರೆ, ಕನ್ನಡವನ್ನು ಅಳಿಸ್ತಾರೆ!

ಅಲ್ಲೇ ಇನ್ನೊಂದು ಎಡವಟ್ಟು ಸಿಕ್ಕಿತು. ಇನ್ನೊಂದು ಬಗೆಯ ಡೇಟಾಬೇಸ್ ಆದ ಒರಾಕಲ್‌ನಲ್ಲಿ ಊರಿನ ಕಾಲಂಗೆ ಉದ್ದ 30 ಇಟ್ಟಿದ್ದರು, ಊರ ಹೆಸರಿಗೆ ಸಾಕಲ್ಲ ಅಂತ. ಒರಾಕಲ್ ಅಲ್ಲಿ ಎಣಿಸುವುದು ಬೈಟ್‌ಗಳನ್ನು, ಅಕ್ಷರ ಅಂತ ಬಿಡಿಸಿ ಹೇಳದ ಹೊರತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ತುಣುಕಿಗೂ, ಗುಣಿಸು, ವಿರಾಮಕ್ಕೂ ಸೇರಿ, 3 ಬೈಟ್ ಜಾಗ. 'ಚಿತ್ರದುರ್ಗ' ನಮ್ಮ ಕಣ್ಣಿಗೆ ನಾಲ್ಕಕ್ಷರ, ಅದಕ್ಕೆ ಹತ್ತು ತುಣುಕು, 30 ಬೈಟ್. ಪಕ್ಕದಲ್ಲಿ ಒಂದು ಕಾಮಾ ಕೂಡ ಹಿಡಿಯಲ್ಲ. ಆದರೂ ಜಾಗ ಸಾಲದಾಗ ಒರಾಕಲ್ 'ದೋಷ' ಅಂತ ಬಾಯಿಬಿಟ್ಟು ಹೇಳಿತು. ನನಗೆ ಬೇಕಾದ್ದೇ ಅಂಥ ಡೇಟಾಬೇಸ್.

ದಲಾಲರ ಅಂಗಡಿಗೆ ಬರೋಣ. ಹೋದ ಹೆಸರುಗಳನ್ನು ವಾಪಸ್ ತಂದಿದ್ದು ನಾನಲ್ಲ, ಅಲ್ಲಿನ ಹಿರಿಯ ಗುಮಾಸ್ತರು. ಹಳೇ ಪಟ್ಟಿಗಳ ಕಾರ್ಬನ್ ಪ್ರತಿಗಳನ್ನು ಅವರು ದಾರ ಪೋಣಿಸಿ ಗೋಡೆಯ ಮೊಳೆಗೆ ನೇತುಹಾಕಿದ್ದರು. ಕಂಪ್ಯೂಟರ್ ಬಂದ ಮೇಲೂ ನಿಲ್ಲಿಸಿರಲಿಲ್ಲ. ಸಾಹುಕಾರರು "ಈ ಕಸ ಎತ್ತಾಕ್ರಿ" ಅಂತ ಎಷ್ಟೋ ಸಲ ಬೈದಿದ್ದರಂತೆ. ನಾನು ಖಾತೆ ನಂಬರ್ ಓದುವುದು, ಅವರು ಕನ್ನಡಕ ಏರಿಸಿಕೊಂಡು ಪ್ರತಿ ಹುಡುಕಿ ಹೆಸರು ಹೇಳುವುದು. ಮಂಡಕ್ಕಿ-ಮಿರ್ಚಿ ತಿಂದ ಎಣ್ಣೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಎರಡು ದಿನ ಕೂತರು.

ಕೊನೆಗೆ ಮೂರು ಖಾತೆ ಉಳಿದವು, ಪ್ರತಿ ಸಿಗಲಿಲ್ಲ. ನಾನು ಬೇಜಾರು ಮಾಡಿಕೊಂಡೆ. ಅವರು ದಾರಕ್ಕೆ ಗಂಟು ಹಾಕುತ್ತಾ ಅಂದರು, "ಇರ್ಲಿ ಬಿಡ್ರಿ ಸಾರ್. ಜೋಳ ತಗೊಂಡು ಬಂದೇ ಬರ್ತಾರೆ. ಹೆಸರು ಕೇಳಿ ಬರ್ಕೊಂಡ್ರಾತು."