ಅಪ್ಪನ ಜನತಾ ವಾಚು ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುವುದೇಕೆ?

ಪ್ರಶ್ನೆ: ಅಪ್ಪ ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ವಾಚನ್ನು ಈಗ ನಾನು ಕಟ್ಟುತ್ತಿದ್ದೇನೆ. ಒಂದು ತಿಂಗಳಿನಿಂದ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತಿದೆ. ರಿಪೇರಿಯವರು ವೇಗ ಹೊಂದಿಸುವ ಒಳಗಿನ ಕಡ್ಡಿ ಸರಿಸಿ ಕೊಟ್ಟರೂ ಎರಡೇ ವಾರದಲ್ಲಿ ಸಮಯ ಮತ್ತೆ ತಪ್ಪಿತು. ವಾಚಿನ ಆಯುಷ್ಯ ಮುಗಿಯಿತೇ? (ಕೋಡಿಬಾಗ, ಕಾರವಾರ)

ಉತ್ತರ: ಮುಗಿದಿಲ್ಲ, ಆದರೆ ಕಾರಣ ತಿಳಿಯದೆ ಇನ್ನೊಮ್ಮೆ ಕಡ್ಡಿ ಸರಿಸಲು ಬಿಡಬೇಡಿ. ಜನತಾ ವಾಚಿನಲ್ಲಿ ಅತ್ತಿತ್ತ ತೂಗಿ ಸಮಯ ಅಳೆಯುವ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಬಡಿತದಂತೆ ದಿನಕ್ಕೆ 4,32,000 ಸಲ ಬಡಿಯುತ್ತದೆ. ದಿನದ 86,400 ಸೆಕೆಂಡುಗಳಲ್ಲಿ ಅರ್ಧ ನಿಮಿಷ ಆಚೀಚೆಯಾದರೆ ಹಳೆಯ ವಾಚಿನ ಮಟ್ಟಿಗೆ ಅದನ್ನು ದೋಷವೆನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ಸ್ವಿಟ್ಜರ್ಲೆಂಡಿನಲ್ಲಿ ಪರೀಕ್ಷೆಗೊಳಪಟ್ಟು ಕ್ರೊನೊಮೀಟರ್ (ಅತಿ ನಿಖರ ವಾಚು) ಎಂಬ ಪ್ರಮಾಣಪತ್ರ ಪಡೆಯುವ ದುಬಾರಿ ವಾಚುಗಳಿಗೂ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಹೋಗಲು ಅವಕಾಶವಿದೆ. ನಾಲ್ಕು ನಿಮಿಷವೆಂದರೆ ಮಾತ್ರ ಬೇರೆಯೇ ಕಾಯಿಲೆ.

ಇದ್ದಕ್ಕಿದ್ದಂತೆ ಹೀಗೆ ಮುಂದೆ ಓಡುವ ವಾಚಿನಲ್ಲಿ ಹೆಚ್ಚಾಗಿ ಹೇರ್‌ಸ್ಪ್ರಿಂಗಿನ, ಅಂದರೆ ಆ ಚಕ್ರವನ್ನು ತೂಗಿಸುವ ಕೂದಲೆಳೆಯಂಥ ಸುರುಳಿಯ, ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸುರುಳಿಯ ಉದ್ದ ಆ ಮಟ್ಟಿಗೆ ಕಡಿಮೆಯಾಗಿ ಚಕ್ರ ಬೇಗ ಬೇಗ ತೂಗುತ್ತದೆ. ಅಂಟಲು ಕಾರಣ ಸ್ಪೀಕರ್ ಅಥವಾ ಮೊಬೈಲ್ ಕವರಿನ ಅಯಸ್ಕಾಂತವಿರಬಹುದು, ಸುರುಳಿಗೆ ಹರಿದ ಎಣ್ಣೆಯೂ ಇರಬಹುದು. ಓಡುತ್ತಿರುವ ವಾಚಿನ ಮೇಲೆ ದಿಕ್ಸೂಚಿ ಹಿಡಿಯಿರಿ. ದಿಕ್ಸೂಚಿಯ ಮುಳ್ಳು ವಾಚಿನ ಬಡಿತಕ್ಕೆ ಸರಿಯಾಗಿ ನಡುಗಿದರೆ ಅಯಸ್ಕಾಂತದ ಪ್ರಭಾವವೆಂದು ತಿಳಿಯಬಹುದು. ಅದನ್ನು ತೆಗೆಯುವ ಡಿಮ್ಯಾಗ್ನೆಟೈಸರ್ ಯಂತ್ರ ಇರುವ ಅಂಗಡಿಯಲ್ಲಿ ಅದು ಕೆಲವೇ ನಿಮಿಷದ ಕೆಲಸ.

ಮುಳ್ಳು ನಡುಗದಿದ್ದರೆ ಪೂರ್ತಿ ಸರ್ವಿಸ್ ಮಾಡಿಸಿ. ಒಪ್ಪಿಸುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಪ್ರತಿ ಚಕ್ರವನ್ನೂ ಬಿಚ್ಚಿ ತೊಳೆಯುತ್ತಾರೋ, ಇಡೀ ಯಂತ್ರವನ್ನು ಪೆಟ್ರೋಲಿನಲ್ಲಿ ಅದ್ದಿ ತೆಗೆಯುತ್ತಾರೋ? ಅದ್ದಿದರೆ ಮೇಲಿನ ಕೊಳೆ ಕರಗಿ ಚಕ್ರಗಳ ಅಚ್ಚು ತಿರುಗುವ ಕಲ್ಲಿನ ತೂತುಗಳಿಗೇ ಇಳಿಯುತ್ತದೆ, ಇದ್ದ ಎಣ್ಣೆಯೂ ತೊಳೆದುಹೋಗುತ್ತದೆ. ವಾಚು ನಾಲ್ಕು ದಿನ ಚುರುಕಾಗಿ ಓಡಿ, ಆಮೇಲೆ ಒಣ ಉಜ್ಜಾಟದಲ್ಲಿ ಅಚ್ಚಿನ ತುದಿಗಳನ್ನೇ ಸವೆಸಿಕೊಳ್ಳುತ್ತದೆ. ಎಚ್‌ಎಂಟಿಯ ಹಳೆಯ ವಾಚು ಕಾರ್ಖಾನೆಗಳೇ ಮುಚ್ಚಿರುವಾಗ ಹಾಗೆ ಸವೆದ ಬಿಡಿಭಾಗಕ್ಕೆ ಇನ್ನೊಂದು ಹಳೆಯ ವಾಚನ್ನೇ ಹುಡುಕಬೇಕಾಗುತ್ತದೆ.

ಕರಾವಳಿಯ ಗಾಳಿ ಈ ವಾಚುಗಳಿಗೆ ಒಗ್ಗುವುದಿಲ್ಲ. ಕಳೆದ ಮಳೆಗಾಲದಲ್ಲಿ ಶಿರಸಿಯ ನನ್ನ ಮೇಜಿಗೆ ಕರಾವಳಿಯಿಂದಲೇ ಬಂದ ಒಂದು ವಾಚಿನ ಮುಖ ಹೊಸದರಂತೆ ಬೆಳ್ಳಗಿತ್ತು, ಕೀ ಕೊಡುವ ತಿರುಪನ್ನು ಎಳೆದಾಗ ಮಾತ್ರ ಅದರ ಉಕ್ಕಿನ ಕಡ್ಡಿಯ ಮೇಲಿಂದ ಕೆಂಪು ತುಕ್ಕು ಕುಂಕುಮದಂತೆ ಬಿಳಿ ಕಾಗದಕ್ಕೆ ಉದುರಿತು. ಗಾಜಿನೊಳಗೆ ಒಂದು ಸಲ ಮಂಜು ಕಟ್ಟಿದ್ದನ್ನು ಆ ವಾಚಿನವರು ತಾನಾಗಿ ಆರಿತೆಂದು ಬಿಟ್ಟಿದ್ದರಂತೆ. ಆ ಮಂಜು ಕಂಡ ದಿನವೇ ವಾಚನ್ನು ಬಿಚ್ಚಿಸಬೇಕು, ಮಂಜು ಕಾಣದಿದ್ದರೂ ನಾಲ್ಕೈದು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕು.

ಸರ್ವಿಸ್ ಆದ ಮೇಲೆ ಒಂದು ವಾರ ಬೆಳಿಗ್ಗೆ ಒಂದೇ ಹೊತ್ತಿಗೆ ಪೂರ್ತಿ ಕೀ ಕೊಟ್ಟು, ಮೊಬೈಲಿನ ಸಮಯದೊಂದಿಗೆ ಹೋಲಿಸಿ ವ್ಯತ್ಯಾಸವನ್ನು ಬರೆದಿಡಿ. ರಾತ್ರಿ ವಾಚನ್ನು ಮಲಗಿಸಿಟ್ಟಿರೋ, ನಿಲ್ಲಿಸಿಟ್ಟಿರೋ ಎಂಬುದನ್ನೂ ಬರೆಯಿರಿ. ವೇಗ ಹೊಂದಿಸುವ ಕಡ್ಡಿಯನ್ನು ಎಷ್ಟು ಸರಿಸಬೇಕೆಂದು ರಿಪೇರಿಯವರು ಆ ಚೀಟಿ ನೋಡಿ ಹೇಳಬಲ್ಲರು.