ಸತ್ತವರಿಗೆ ಬುತ್ತಿ ಕಟ್ಟುವುದು ನಿಂತದ್ದು ಯಾವಾಗ?

ಕ್ರೈಸ್ತ ಧರ್ಮ ಬಂತು, ಸಮಾಧಿಯಲ್ಲಿ ಊಟ, ಒಡವೆ, ಬೊಂಬೆ ಇಡೋದು ನಿಂತಿತು ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸುವವರಿದ್ದಾರೆ. ಅಷ್ಟು ಸಲೀಸಾಗಿ ನಡೆದದ್ದಲ್ಲ ಅದು.

ಹಳೇ ಈಜಿಪ್ಟಿನವರಿಗೆ ಸತ್ತ ಮೇಲೂ ಮೈ ಬೇಕೇ ಬೇಕಿತ್ತು. ಹೆಣವನ್ನು ನೇಟ್ರಾನ್ ಎಂಬ ಉಪ್ಪಿನಲ್ಲಿ ಒಣಗಿಸಿ, ನಾರುಬಟ್ಟೆ ಸುತ್ತಿ ಮುಗಿಸೋಕೆ ಸುಮಾರು 70 ದಿನ. ಮಿದುಳನ್ನು ಮೂಗಿನಿಂದ ಎಳೆದು ಬಿಸಾಡುತ್ತಿದ್ದರು. ಹೃದಯವನ್ನು ಮಾತ್ರ ಒಳಗೇ ಬಿಡುತ್ತಿದ್ದರು. ಆಚೆ ಲೋಕದಲ್ಲಿ ತಕ್ಕಡಿಗೆ ಬೀಳುವುದು ಅದೇ. ಇನ್ನೊಂದು ತಟ್ಟೆಯಲ್ಲಿ ಸತ್ಯದ ದೇವತೆ ಮಾತ್‌ಳ ಗರಿ. ಹೃದಯ ಭಾರವಾದರೆ, ಪಕ್ಕದಲ್ಲೇ ಕಾಯುತ್ತಿದ್ದ ಮೊಸಳೆ ಮೂತಿಯ ಅಮ್ಮಿತ್ ಎಂಬ ಪ್ರಾಣಿ ಅದನ್ನು ನುಂಗಿಬಿಡುತ್ತಿತ್ತು. ಪಾಸಾದವರಿಗೂ ಅಲ್ಲಿ ಹೊಲದ ಕೆಲಸ ತಪ್ಪಿದ್ದಲ್ಲ. ಅದಕ್ಕೆ ಆಳುಗಳಾಗಿ ಶಬ್ತಿ ಬೊಂಬೆಗಳು. ಟುಟಾಂಖಾಮನ್ ಒಬ್ಬನ ಸಮಾಧಿಯಲ್ಲೇ ಅವು 400ಕ್ಕಿಂತ ಜಾಸ್ತಿ ಸಿಕ್ಕವು. ರಾಜ ಸತ್ತರೂ ಕೈ ಕೆಸರಾಗಬಾರದು, ಅಲ್ವಾ!

ಕ್ರೈಸ್ತರ ಲೆಕ್ಕ ಬೇರೆ. ಕೊನೆಯ ದಿನ ದೇವರೇ ಎಬ್ಬಿಸುತ್ತಾನೆ. ದೇಹ ಬಿತ್ತಿದ ಬೀಜದ ಹಾಗೆ ಅಂತ ಏಸುವಿನ ಧರ್ಮ ಸಾರಿದ ಪೌಲ ಗ್ರೀಸಿನ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ. ಬೀಜಕ್ಕೆ ಯಾರು ಬುತ್ತಿ ಕಟ್ಟುತ್ತಾರೆ?

ಆದರೆ ಜನ ಹಳೆಯದನ್ನು ಒಂದೇ ದಿನ ಬಿಡಲಿಲ್ಲ. ಈಜಿಪ್ಟಿನ ಮರುಭೂಮಿಯ ತಪಸ್ವಿ ಅಂತೋಣಿ (ನಮ್ಮ ಕಡೆ ಜನ ಹರಕೆ ಹೊರುವ ಪಾದುವಾದ ಅಂತೋಣಿ ಅಲ್ಲ) ಕ್ರಿ.ಶ. 356ರಲ್ಲಿ ತೀರಿಕೊಂಡ. ಗೌರವದ ಹಿರಿಯರು ಸತ್ತರೆ ಬಟ್ಟೆ ಸುತ್ತಿ, ಮಂಚದ ಮೇಲೆ ಮನೆಯಲ್ಲೇ ಇಟ್ಟುಕೊಳ್ಳುವ ರೂಢಿ ಕ್ರೈಸ್ತರಲ್ಲೂ ಇತ್ತು. ತನಗೂ ಅದೇ ಗತಿ ಅಂತ ಹೆದರಿದ ಅಂತೋಣಿ, ಗುಟ್ಟಾಗಿ ಹೂಳಿ, ಜಾಗ ಯಾರಿಗೂ ಹೇಳಬೇಡಿ ಅಂತ ಇಬ್ಬರು ಶಿಷ್ಯರಿಂದ ಮಾತು ತಗೊಂಡ. ಇದಾಗಿ ಇನ್ನೂರು ವರ್ಷ ಕಳೆದ ಮೇಲೂ ಲಕ್ಸರ್ ಎದುರಿನ ಬೆಟ್ಟದ ಮಠಗಳಲ್ಲಿ ಸನ್ಯಾಸಿಗಳ ಹೆಣಕ್ಕೆ ಉಪ್ಪು ಹಾಕಿಯೇ ಬಟ್ಟೆ ಸುತ್ತುತ್ತಿದ್ದರು.

ನನಗೆ ಜಾಸ್ತಿ ಹತ್ತಿರವಾಗುವುದು ಮೋನಿಕಾ, ಸಂತ ಅಗಸ್ಟೀನನ ತಾಯಿ. ಆಫ್ರಿಕಾದ ತನ್ನ ಊರಲ್ಲಿ ಮಾಡುತ್ತಿದ್ದ ಹಾಗೆ, 380ರ ದಶಕದಲ್ಲಿ ಇಟಲಿಯ ಮಿಲಾನಿನಲ್ಲೂ ಆಕೆ ಬುಟ್ಟಿಯಲ್ಲಿ ಗಂಜಿ, ರೊಟ್ಟಿ, ದ್ರಾಕ್ಷಾರಸ ಹೊತ್ತು ಹುತಾತ್ಮರ ಸಮಾಧಿಗೆ ಹೋದಳು. ಬಾಗಿಲಲ್ಲೇ ಕಾವಲುಗಾರ ತಡೆದ. ಬಿಷಪ್ ಆಂಬ್ರೋಸ್ ಅದನ್ನು ನಿಲ್ಲಿಸಿದ್ದರು. ಒಂದು, ಕುಡಿಯುವವರಿಗೆ ಅದೊಂದು ನೆಪ. ಎರಡು, ರೋಮನ್ನರು ಫೆಬ್ರವರಿಯಲ್ಲಿ ಹಿರಿಯರಿಗೆ ಮಾಡುತ್ತಿದ್ದ ಪರೆಂಟಾಲಿಯಾಕ್ಕೆ ಅದು ತೀರಾ ಹತ್ತಿರ. ನಮ್ಮ ಪಿತೃಪಕ್ಷದ ಎಡೆ ಇದ್ದ ಹಾಗೆ ಅನ್ನಿ. ಮೋನಿಕಾ ಜಗಳ ಆಡದೆ ಬುಟ್ಟಿ ಬಿಟ್ಟಳು. ಬೇರೆ ಯಾರಾದರೂ ಹೇಳಿದ್ದರೆ ಇಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲವೇನೋ ಅಂತ ಮಗನೇ ಬರೆದಿದ್ದಾನೆ. ಒಂದೇ ಪುಟ್ಟ ಲೋಟದ ನೀರು ಬೆರೆಸಿದ ದ್ರಾಕ್ಷಾರಸದಲ್ಲಿ ಎಲ್ಲಾ ಸಮಾಧಿಗಳನ್ನೂ ಮುಗಿಸುತ್ತಿದ್ದ ಹೆಂಗಸು ಆಕೆ. ಕುಡುಕರ ಪಟ್ಟಿಯಲ್ಲಿ ಸುಮ್ನೆ ಸಿಕ್ಕಿಕೊಂಡಳು.

ಮುಂದೆ ಸಾವಿರಕ್ಕೂ ಹೆಚ್ಚು ವರ್ಷ ಹೂಳುವುದೇ ನಿಯಮವಾಯಿತು. ಸುಡುವುದಕ್ಕೆ ಕ್ಯಾಥೋಲಿಕ್ ಚರ್ಚ್ ಒಪ್ಪಿದ್ದು 1963ರಲ್ಲಿ. 2016ರಲ್ಲಿ ವ್ಯಾಟಿಕನ್ ಇನ್ನೊಂದು ಸೂಚನೆ ಕೊಟ್ಟಿತು: ಬೂದಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಹಂಚಿಕೊಳ್ಳುವ ಹಾಗೂ ಇಲ್ಲ. ಅಂತೋಣಿ ಹೆದರಿದ್ದೂ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ ಅಂತಲೇ. 2023ರ ಡಿಸೆಂಬರಿನಲ್ಲಿ ಹಿಡಿತ ಒಂಚೂರು ಸಡಿಲವಾಯಿತು. ತೀರಿಕೊಂಡವರ ಬದುಕಿನಲ್ಲಿ ಮುಖ್ಯವಾಗಿದ್ದ ಒಂದು ಜಾಗದಲ್ಲಿ ಬೂದಿಯ ಸ್ವಲ್ಪ ಪಾಲು ಇಡಲು ಮನೆಯವರು ಕೇಳಿದರೆ, ಚರ್ಚ್ ಅದನ್ನು ಪರಿಶೀಲಿಸಬಹುದು.