ನಿಮಗ್ಯಾಕೆ ತೊಂದರೆ, ನಾವೇ ಮಾಡ್ತೀವಿ ಬಿಡಿ

ಹಿರಿಯರ ವಸತಿ ಸಮುದಾಯಗಳಲ್ಲಿ ವಯಸ್ಸಿನ ತಾರತಮ್ಯ ಇದೆ ಅಂದರೆ ಅಲ್ಲಿನ ಮ್ಯಾನೇಜರುಗಳಿಗೆ ಬೇಜಾರಾಗುತ್ತದೆ. ‘ಇಲ್ಲಿ ಇರೋರೆಲ್ಲ ವಯಸ್ಸಾದವರೇ, ತಾರತಮ್ಯ ಎಲ್ಲಿಂದ ಬಂತು?’ ಅಂತ ಕೇಳುತ್ತಾರೆ. ಗದರುವವರಿಲ್ಲ, ದಬಾಯಿಸುವವರಿಲ್ಲ, ಎಲ್ಲರೂ ನಗುನಗುತ್ತಲೇ ಮಾತಾಡುತ್ತಾರೆ, ಒಪ್ಪಿದೆ. ಆದರೆ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ, ಅಂದರೆ ದಿನನಿತ್ಯದ ಕೆಲಸಗಳನ್ನು ಜನ ತಾವೇ ಮಾಡಿಕೊಳ್ಳುವಂತೆ ನೆರವಾಗುವ ಕೆಲಸದಲ್ಲಿದ್ದುಕೊಂಡು, ನಾನು ನೋಡುವುದು ಇದು: ಇಂಥ ಕಡೆ ತಾರತಮ್ಯ ಸಹಾಯದ ವೇಷ ಹಾಕಿಕೊಂಡು ಬರುತ್ತದೆ.

ಅಂಗಿಯ ಗುಂಡಿಯನ್ನೇ ತೆಗೆದುಕೊಳ್ಳಿ. ಕೈಬೆರಳು ಬಿಗಿಯಾಗಿರುವ ಒಬ್ಬರಿಗೆ ಗುಂಡಿ ಹಾಕಿಕೊಳ್ಳಲು ಏಳೆಂಟು ನಿಮಿಷ ಬೇಕು. ಸಹಾಯಕಿಗೆ ಇನ್ನೂ ಐದಾರು ಕೋಣೆ ಬಾಕಿ. ‘ನಿಮಗ್ಯಾಕೆ ತೊಂದರೆ’ ಅಂತ ಅವಳೇ ಹಾಕಿಬಿಡುತ್ತಾಳೆ. ಪಾಪ, ಅವಳದೂ ತಪ್ಪಲ್ಲ, ಸಂಸ್ಥೆ ಅವಳಿಗೆ ಕೊಟ್ಟಿರುವ ಸಮಯವೇ ಅಷ್ಟು. ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಬೆರಳಿಗೆ ಆ ಕೆಲಸ ಮರೆತೇ ಹೋಗಿರುತ್ತದೆ, ಫೈಲಿನಲ್ಲಿ ‘ಬಟ್ಟೆ ಹಾಕಿಕೊಳ್ಳಲು ನೆರವು ಬೇಕು’ ಅಂತ ಒಂದು ಸಾಲು ಸೇರಿರುತ್ತದೆ, ಮತ್ತೆ ಆ ಸಾಲನ್ನು ಯಾರೂ ಅಳಿಸುವುದಿಲ್ಲ. ಮನೋವಿಜ್ಞಾನಿ ಮಾರ್ಗ್ರೆಟ್ ಬಾಲ್ಟೆಸ್ ಆರೈಕೆ ಮನೆಗಳಲ್ಲಿ ಕೂತು ಇದನ್ನೇ ಗಮನಿಸಿದ್ದರು. ನಿವಾಸಿ ‘ಆಗಲ್ಲ’ ಅಂದಾಗ ಸಿಬ್ಬಂದಿ ತಕ್ಷಣ ಬರುತ್ತಾರೆ, ಅದೇ ವ್ಯಕ್ತಿ ತಾನಾಗಿ ಏನಾದರೂ ಮಾಡಿಕೊಂಡರೆ ಹೆಚ್ಚಾಗಿ ಯಾರೂ ತಿರುಗಿಯೂ ನೋಡುವುದಿಲ್ಲ. ಯಾರಾದರೂ ಬಂದು ಮಾತಾಡಿಸಲಿ ಅಂತ ಆಸೆ ಇರುವವರು ಇದರಿಂದ ಏನು ಕಲಿಯುತ್ತಾರೆ, ಯೋಚಿಸಿ.

ಮಾತಿನಲ್ಲೂ ಇದೇ ಕಥೆ. ದನಿ ಎತ್ತರಿಸಿ, ಎಳೆದು ಎಳೆದು, ‘ಈಗ ನಾವು ಸ್ನಾನ ಮಾಡೋಣ್ವಾ, ಜಾಣೆ!’ ಅನ್ನುವ ಧಾಟಿ ಇದೆಯಲ್ಲ, ಅದಕ್ಕೆ ಎಲ್ಡರ್‌ಸ್ಪೀಕ್ ಅನ್ನುತ್ತಾರೆ. ಅಮೆರಿಕದ ನರ್ಸಿಂಗ್ ಸಂಶೋಧಕಿ ಕ್ರಿಸ್ಟೀನ್ ವಿಲಿಯಮ್ಸ್ ಮತ್ತು ಅವರ ತಂಡ ಡಿಮೆನ್ಷಿಯಾ ಇರುವವರ ಆರೈಕೆಯ ವಿಡಿಯೊಗಳನ್ನು ಕೂತು ನೋಡಿ, ಈ ಧಾಟಿಯಲ್ಲಿ ಮಾತಾಡಿಸಿದಾಗ ಅವರು ಕೈ ತಳ್ಳುವುದು, ಕೂಗಾಡುವುದು, ಬೇಡ ಅನ್ನುವುದು ಜಾಸ್ತಿ ಅಂತ ತೋರಿಸಿದರು. ಅಂದರೆ ನೆನಪು ಕೈಕೊಟ್ಟವರಿಗೂ ಅವಮಾನ ಗೊತ್ತಾಗುತ್ತದೆ. ಇನ್ನೊಂದು, ಎದುರಿಗೆ ಕೂತವರನ್ನು ಬಿಟ್ಟು ಪಕ್ಕದಲ್ಲಿ ನಿಂತ ಮಗಳನ್ನು ‘ಇವರಿಗೆ ನಿದ್ದೆ ಸರಿಯಾಗಿ ಬರುತ್ತಾ?’ ಅಂತ ಕೇಳುವುದು. ಮಗಳು ಉತ್ತರ ಕೊಡದೆ ಅಮ್ಮನ ಕಡೆ ತಿರುಗಿದರೆ ಸಾಕು, ಪ್ರಶ್ನೆ ತಾನಾಗಿ ಸರಿಯಾದವರ ಹತ್ತಿರ ಹೋಗುತ್ತದೆ.

ನಾನು ಜಾಸ್ತಿ ಜಗಳ ಆಡುವುದು ಬೀಳುವ ಭಯದ ವಿಷಯದಲ್ಲಿ. ‘ಒಬ್ಬರೇ ಓಡಾಡಬೇಡಿ, ಬೀಳ್ತೀರಿ.’ ಭಯ ಸುಳ್ಳಲ್ಲ, ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮೊದಲಿನ ಹಾಗೆ ಆಗುವುದೇ ಇಲ್ಲ. ಆದರೆ ಕೂರಿಸಿದರೆ ಏನಾಗುತ್ತದೆ ಅನ್ನುವ ಲೆಕ್ಕ ಯಾರೂ ಹಾಕುವುದಿಲ್ಲ. 2007ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದ್ದರು. ಕಾಲುಗಳಿಂದಲೇ ಹತ್ತಿರ ಹತ್ತಿರ ಒಂದು ಕಿಲೋ ಕೊಬ್ಬಿಲ್ಲದ ತೂಕ, ಅಂದರೆ ಮುಖ್ಯವಾಗಿ ಸ್ನಾಯು, ಹೋಗಿತ್ತು. ಕಾಲಿನ ಸ್ನಾಯು ಹೋದರೆ ಬೀಳುವುದು ಹೆಚ್ಚಾಗುತ್ತದೆ, ಆಗ ‘ನೋಡಿದ್ರಾ, ನಾವು ಹೇಳಿರಲಿಲ್ವಾ’ ಅಂತ ಇನ್ನಷ್ಟು ಕೂರಿಸುತ್ತಾರೆ. ರಾಬರ್ಟ್ ಪರ್ಸ್ಕಿ ಅನ್ನುವವರು 1972ರಲ್ಲಿ ಬುದ್ಧಿಮಾಂದ್ಯ ಇರುವವರ ಬಗ್ಗೆ ಬರೆಯುತ್ತಾ, ಅಪಾಯಕ್ಕೆ ಮೈಯೊಡ್ಡುವುದರಲ್ಲೂ ಮನುಷ್ಯನ ಘನತೆ ಇದೆ ಅಂದಿದ್ದರು. ಆ ಮಾತು ಹಿರಿಯರ ಆರೈಕೆಗೂ ಬಂದಿದೆ. ಕೆಲಸದಲ್ಲಿ ಇದರ ಅರ್ಥ ‘ಬೀಳಲಿ ಬಿಡಿ’ ಅಂತಲ್ಲ. ನಿವಾಸಿಯ ಜೊತೆ ಕೂತು, ಯಾವ ಹೊತ್ತಿಗೆ ಎಲ್ಲಿಗೆ ಹೋಗಬೇಕು, ಎಲ್ಲಿ ಹಿಡಿಕೆ ಬೇಕು, ಬಿದ್ದರೆ ಏನು ಮಾಡುವುದು ಅಂತ ಮಾತಾಡಿ, ಅವರ ನಿರ್ಧಾರವನ್ನು ಅವರದೇ ಸಹಿ ಹಾಕಿಸಿ ಬರೆದಿಡುವುದು. ಮಕ್ಕಳು ಒಪ್ಪದಿದ್ದರೂ ಸರಿ. ತಿಳಿವಳಿಕೆ ಸರಿಯಾಗಿರುವ ವ್ಯಕ್ತಿಯ ಪರವಾಗಿ ‘ಬೇಡ’ ಅನ್ನುವ ಹಕ್ಕು ಮಕ್ಕಳಿಗೂ ಇಲ್ಲ.

ನಿರ್ಧಾರ ಕೈಯಲ್ಲಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಎಲ್ಲರೂ ಹೇಳುವುದು ಮನೋವಿಜ್ಞಾನಿಗಳಾದ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ 1976ರಲ್ಲಿ ಪ್ರಕಟಿಸಿದ ಪ್ರಯೋಗ. ಅಮೆರಿಕದ ಕನೆಕ್ಟಿಕಟ್‌ನ ಒಂದು ನರ್ಸಿಂಗ್ ಹೋಮ್. ಒಂದು ಮಹಡಿಯವರಿಗೆ ‘ನಿಮ್ಮ ಕೋಣೆ ಹೇಗಿರಬೇಕು, ಸಿನಿಮಾ ಯಾವ ದಿನ ನೋಡಬೇಕು, ನೀವೇ ಹೇಳಿ’ ಅಂತ ಹೇಳಿ ಒಂದು ಗಿಡ ಕೊಟ್ಟು ನೀವೇ ನೋಡಿಕೊಳ್ಳಿ ಅಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ನೀರು ಹಾಕುವುದು ಮಾತ್ರ ನರ್ಸುಗಳು. ಮೊದಲಿನವರು ಹೆಚ್ಚು ಲವಲವಿಕೆಯಿಂದ ಇದ್ದರು. ಚಿಕ್ಕ ಪ್ರಯೋಗ, ಅದರ ಅಂಕಿಗಳ ಮೇಲೆ ನಾನು ತುಂಬಾ ಭಾರ ಹಾಕುವುದಿಲ್ಲ. ನನಗೆ ಮುಖ್ಯ ಅನ್ನಿಸುವುದು ಜಾಸ್ತಿ ಜನ ಹೇಳದ ಇನ್ನೊಂದು. ಮನೋವಿಜ್ಞಾನಿ ರಿಚರ್ಡ್ ಶುಲ್ಜ್ ಅದೇ ವರ್ಷ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಹಿರಿಯರನ್ನು ನೋಡಲು ಬರುತ್ತಿದ್ದರು. ಯಾವಾಗ ಬರಬೇಕು, ಎಷ್ಟು ಹೊತ್ತು ಇರಬೇಕು ಅಂತ ಕೆಲವರು ತಾವೇ ಹೇಳಬಹುದಿತ್ತು, ಕೆಲವರಿಗೆ ಬರುವ ಸಮಯ ಮೊದಲೇ ತಿಳಿಸುತ್ತಿದ್ದರು. ಈ ಎರಡೂ ಗುಂಪಿನವರು ಚೇತರಿಸಿಕೊಂಡರು. ಪ್ರಯೋಗ ಮುಗಿಯಿತು, ಭೇಟಿ ನಿಂತಿತು. ಆಮೇಲೆ ಹೆಚ್ಚು ಕುಸಿದವರು ಅವರೇ. ಆದ್ದರಿಂದ ಮೂರು ತಿಂಗಳ ‘ಪೈಲಟ್’ ಕಾರ್ಯಕ್ರಮ ಮಾಡಿ, ಫೋಟೊ ತೆಗೆಸಿಕೊಂಡು, ಆಮೇಲೆ ನಿಲ್ಲಿಸುವ ಯೋಚನೆ ಇದ್ದರೆ ದಯವಿಟ್ಟು ಶುರುವೇ ಮಾಡಬೇಡಿ.

ಸಬಲೀಕರಣ ಅಂದಕೂಡಲೇ ಸಂಸ್ಥೆಗಳು ಚಟುವಟಿಕೆ ಪಟ್ಟಿ ತೋರಿಸುತ್ತವೆ. ಹಾಡು, ಆಟ, ಕ್ರಾಫ್ಟು. ಬಣ್ಣದ ಕಾಗದ ಕತ್ತರಿಸಿ ಅಂಟಿಸುವ ಕೆಲಸವನ್ನು, ಒಂದು ಕಾಲಕ್ಕೆ ಸೇತುವೆ ಕಟ್ಟಿಸಿದ ಇಂಜಿನಿಯರ್‌ಗೆ ಕೊಟ್ಟು ಚಪ್ಪಾಳೆ ತಟ್ಟುವುದು ಸಬಲೀಕರಣ ಅಲ್ಲ ಕಣ್ರೀ. ಅಧಿಕಾರ ಅಂದರೆ ಹಣ, ನಿಯಮ, ನೇಮಕ. ಈ ಮೂರರಲ್ಲಿ ನಿವಾಸಿಗಳ ಮಾತು ನಡೆಯುತ್ತಾ?

ನಿವಾಸಿಗಳ ಸಮಿತಿ ಎಷ್ಟೋ ಕಡೆ ಇರುತ್ತದೆ. ಸುಮ್ನೆ ಇರುತ್ತದೆ. ಅಜೆಂಡಾ ಆಫೀಸಿನವರು ಬರೆಯುತ್ತಾರೆ, ಮ್ಯಾನೇಜರ್ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ, ಮೂಟೆಗಟ್ಟಲೆ ದೂರು ‘ಗಮನಕ್ಕೆ ತೆಗೆದುಕೊಳ್ಳಲಾಗಿದೆ’ ಅಂತ ಮುಗಿಯುತ್ತದೆ. ಮೊದಲು ಮಾಡಬೇಕಾದ್ದು, ಸಭೆಯ ಒಂದು ಭಾಗವನ್ನಾದರೂ ಸಿಬ್ಬಂದಿ ಇಲ್ಲದೆ ನಡೆಸುವುದು. ಸಂಜೆ ಯಾರ ಕೈಯಿಂದ ಮಾತ್ರೆ ತೆಗೆದುಕೊಳ್ಳಬೇಕೋ ಅವರ ಎದುರಿಗೆ ದೂರು ಹೇಳುವ ಧೈರ್ಯ ಎಷ್ಟು ಜನಕ್ಕೆ ಇರುತ್ತದೆ? ಆಮೇಲೆ, ಪ್ರತಿ ಬೇಡಿಕೆಗೂ ಆಡಳಿತ ಇಂತಿಷ್ಟು ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತಲೂ. ಸಮಿತಿಯ ಕೈಗೆ ಚಿಕ್ಕದಾದರೂ ಒಂದು ಬಜೆಟ್ ಕೊಡಿ, ಖರ್ಚಿನಲ್ಲಿ ತಲೆಹಾಕಬೇಡಿ. ಹೊಸ ಸಿಬ್ಬಂದಿಯ ಸಂದರ್ಶನದಲ್ಲಿ ಒಬ್ಬ ನಿವಾಸಿ ಕೂರಲಿ. ಇದನ್ನು ಮಾಡಿದ ಕಡೆ ಕಂಡ ಒಂದು ಸಂಗತಿ ಹೇಳುತ್ತೇನೆ: ಅಭ್ಯರ್ಥಿ ಉತ್ತರ ಕೊಡುವಾಗ ನಿವಾಸಿಯ ಮುಖ ನೋಡುತ್ತಾರಾ ಮ್ಯಾನೇಜರ್ ಮುಖ ನೋಡುತ್ತಾರಾ ಅನ್ನುವುದೇ ಅರ್ಧ ಸಂದರ್ಶನ ಮುಗಿಸಿಬಿಡುತ್ತದೆ.

ಎಲ್ಲ ಬೊಟ್ಟನ್ನೂ ಸಂಸ್ಥೆಯ ಕಡೆಗೇ ತೋರಿಸಿದರೆ ಅನ್ಯಾಯ. ವಾಕರ್ ಹಿಡಿದು ಬಂದವರನ್ನು ಕಂಡರೆ ಟೇಬಲ್ ಬದಲಿಸುವವರು ಬೇರೆ ಯಾರೂ ಅಲ್ಲ, ಗಟ್ಟಿಮುಟ್ಟಾಗಿರುವ ಅಕ್ಕಪಕ್ಕದವರೇ. ‘ಅವರೆಲ್ಲ ಆ ಕಡೆ ಬ್ಲಾಕಿಗೆ ಹೋಗಲಿ, ನೋಡಿದ್ರೆ ಬೇಜಾರಾಗುತ್ತೆ’ ಅನ್ನುತ್ತಾರೆ. ಹೆದರಿಕೆ ಅದು, ನಾಳೆ ತಮಗೂ ಅದೇ ಗತಿ ಅಂತ. ಅದರಿಂದಾಗುವುದು ಏನೆಂದರೆ, ಕಿವಿ ಕೇಳದವರು ಶ್ರವಣ ಯಂತ್ರ ಹಾಕಿಕೊಳ್ಳುವುದಿಲ್ಲ, ಕೋಲು ಬೇಕಾದವರು ಕೋಲು ಹಿಡಿಯುವುದಿಲ್ಲ, ಸಭೆಗೆ ಬರುವುದನ್ನೇ ಬಿಡುತ್ತಾರೆ. ಸಮಿತಿಗೆ ಗಟ್ಟಿಗರಷ್ಟೇ ಆಯ್ಕೆಯಾಗುತ್ತಾರೆ, ಹೆಚ್ಚು ನೆರವು ಬೇಕಾದವರ ಮಾತು ಅಲ್ಲಿಗೆ ಮುಟ್ಟುವುದೇ ಇಲ್ಲ. ಹಾಗಾಗಿ ಅವರಿಗೆ ಸೀಟು ಮೀಸಲಿಡಿ, ಮೈಕ್ ಇಡಿ, ನಿಧಾನಕ್ಕೆ ಮಾತಾಡುವವರಿಗೆ ಕಾಯಿರಿ.

ತನ್ನ ವಯಸ್ಸಿನ ಬಗ್ಗೆ ತನಗೇ ಇರುವ ಕೀಳುಭಾವ ಮೈಗೂ ಒಳ್ಳೆಯದಲ್ಲ. ಸಂಶೋಧಕಿ ಬೆಕ್ಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ ಅಮೆರಿಕದ ಓಹಿಯೋದ 660 ಜನರ ಮಾಹಿತಿ ಹಿಡಿದು, ವಯಸ್ಸಾಗುವುದನ್ನು ಒಳ್ಳೆಯ ಮನಸ್ಸಿನಿಂದ ನೋಡಿದವರು ಉಳಿದವರಿಗಿಂತ ಸರಾಸರಿ 7.5 ವರ್ಷ ಹೆಚ್ಚು ಬದುಕಿದರು ಅಂತ ವರದಿ ಮಾಡಿದ್ದರು. ಅದೇ ಕಾರಣ ಅಂತ ಖಡಾಖಂಡಿತ ಹೇಳಲಾಗದು, ಆದರೆ ಸಂಬಂಧವಂತೂ ಇದೆ. ‘ವಯಸ್ಸಾಯ್ತಲ್ಲ, ಇನ್ನೇನು’ ಅಂತ ಮಂಡಿನೋವು, ಮಂಕು, ಇದ್ದಕ್ಕಿದ್ದಂತೆ ಬಂದ ಗಲಿಬಿಲಿ ಎಲ್ಲವನ್ನೂ ತಳ್ಳಿಹಾಕುವವರು ಡಾಕ್ಟರ ಹತ್ತಿರ ಹೋಗುವುದೇ ಇಲ್ಲ. ಒಂದೇ ದಿನದಲ್ಲಿ ಬಂದ ಗಲಿಬಿಲಿ ಸೋಂಕೂ ಇರಬಹುದು, ಹೊಸ ಮಾತ್ರೆಯ ಪರಿಣಾಮವೂ ಇರಬಹುದು. ವಯಸ್ಸು ರಾತ್ರೋರಾತ್ರಿ ಬರುವುದಿಲ್ಲ ಅಲ್ವಾ?

ಇಂಥ ಜಾಗ ಹುಡುಕುತ್ತಿರುವವರು ಲಾಬಿ, ಲಿಫ್ಟು ನೋಡಿ ಬರಬೇಡಿ. ಮ್ಯಾನೇಜರ್ ಇಲ್ಲದೆ ಸಮಿತಿಯ ಒಬ್ಬರ ಜೊತೆ ಮಾತಾಡಬೇಕು ಅಂತ ಕೇಳಿ. ಕಳೆದ ಒಂದು ವರ್ಷದಲ್ಲಿ ನಿವಾಸಿಗಳು ಹೇಳಿದ್ದಕ್ಕೆ ಇಲ್ಲಿ ಬದಲಾಗಿದ್ದು ಏನು, ಯಾವ ಬೇಡಿಕೆಗೆ ಆಗಲ್ಲ ಅಂದಿರಿ, ಕೊನೆಯ ಮೂರು ಸಭೆಗಳ ನಡಾವಳಿ ತೋರಿಸುತ್ತೀರಾ ಅಂತ ಕೇಳಿ. ವಾಸಕ್ಕೆ ಬರುವವರು ನಿಮ್ಮ ಅಪ್ಪನೋ ಅಮ್ಮನೋ ಆಗಿದ್ದರೆ ಈ ಪ್ರಶ್ನೆಗಳನ್ನು ಅವರೇ ಕೇಳಲಿ. ನೀವು ಪಕ್ಕದಲ್ಲಿ ಕೂತಿರಿ.